ಬಿಟ್ಟು ಹೋಗುವ ಬೆಲೆ

2025ರ ಅಕ್ಟೋಬರಿನಲ್ಲಿ ಒಂದರ ಹಿಂದೊಂದು ಮೂರು ಭಾನುವಾರ ಅಮೆರಿಕದ ಮೂರು ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಫುಟ್‌ಬಾಲ್ ಕೋಚ್‌ಗಳನ್ನು ಮನೆಗೆ ಕಳಿಸಿದವು. 12ರಂದು ಪೆನ್ ಸ್ಟೇಟ್ ಜೇಮ್ಸ್ ಫ್ರಾಂಕ್ಲಿನ್‌ರನ್ನು ತೆಗೆಯಿತು. 19ರಂದು ಫ್ಲಾರಿಡಾ ಬಿಲ್ಲಿ ನೇಪಿಯರ್‌ರನ್ನು ತೆಗೆಯಿತು; ಹಿಂದಿನ ದಿನವಷ್ಟೇ ಅವರ ತಂಡ ಪಂದ್ಯ ಗೆದ್ದಿತ್ತು. 26ರಂದು ಲೂಯಿಸಿಯಾನಾ ಸ್ಟೇಟ್, ಅಂದರೆ ಎಲ್ಎಸ್‌ಯು, ಬ್ರಯನ್ ಕೆಲ್ಲಿಯವರನ್ನು ತೆಗೆಯಿತು. ಈ ಮೂವರಿಗೂ ಕರಾರಿನ ಪ್ರಕಾರ ಬರಬೇಕಾದ ಹಣ ಕ್ರಮವಾಗಿ ಸುಮಾರು 4.9 ಕೋಟಿ, 2.1 ಕೋಟಿ ಮತ್ತು 5.4 ಕೋಟಿ ಡಾಲರ್ ಎಂದು ಪತ್ರಿಕೆಗಳು ಬರೆದವು. ಕೆಲಸ ಮಾಡಿದ್ದಕ್ಕಲ್ಲ, ಇನ್ನು ಮುಂದೆ ಮಾಡದೇ ಇರುವುದಕ್ಕೆ.

ಆ ಮೂರನೆಯ ಭಾನುವಾರ ನಾನು ಬಿ.ಎ. ಹುಡುಗರ ಮಿಡ್‌ಟರ್ಮ್ ಪತ್ರಿಕೆ ತಿದ್ದುತ್ತ ಕೂತಿದ್ದೆ. ಊರಿನಿಂದ ಅಮ್ಮನ ಫೋನು ಬಂತು. ಮಾತಿನ ನಡುವೆ ಈ ಸುದ್ದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲಸದಿಂದ ತೆಗೆದಮೇಲೆ ದುಡ್ಡು ಯಾಕೆ ಕೊಡ್ತಾರೆ? ಏನಾದ್ರೂ ಗುಟ್ಟು ಗೊತ್ತಿದೆಯಾ ಅವನಿಗೆ?" ಎಂದು ಕೇಳಿದರು. ನಗು ಬಂತು. ಆದರೆ ಆ ಪ್ರಶ್ನೆಗೆ ಸರಿಯಾದ ಉತ್ತರ ನನ್ನಲ್ಲಿರಲಿಲ್ಲ. ಈ ಬರಹ ಅದೇ ಉತ್ತರ ಹುಡುಕಲು ಹೊರಟದ್ದು.

ನನ್ನ ಪಿಎಚ್‌ಡಿ ಇರುವುದು ಫುಟ್‌ಬಾಲಿನ ಮೇಲಲ್ಲ. ಹತ್ತೊಂಬತ್ತನೆಯ ಶತಮಾನದ ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿ ಕರಾರು ಹೇಗೆ ನಡೆಯುತ್ತಿತ್ತು ಎಂಬುದರ ಮೇಲೆ. ಅಜ್ಜ ಸಕಲೇಶಪುರದ ಕಡೆ ಒಂದು ತೋಟದಲ್ಲಿ ರೈಟರಾಗಿದ್ದರು. ಮನೆಯಲ್ಲಿ ಇಂದಿಗೂ ಅವರ ಕೈಬರಹದ ಒಂದು ಚೆಕ್‌ರೋಲ್ ಪುಸ್ತಕ ಇದೆ. ಹೆಸರು, ದಿನ, ಮುಂಗಡ, ಬಾಕಿ. ಕೊಡಗಿನ ಪ್ಲಾಂಟರುಗಳು ಮೇಸ್ತ್ರಿಗಳ ಕೈಯಲ್ಲಿ ಮುಂಗಡ ಕೊಟ್ಟು ಘಟ್ಟದ ಮೇಲಿನಿಂದಲೂ ಕೆಳಗಿನಿಂದಲೂ ಆಳು ತರಿಸುತ್ತಿದ್ದರು. ಮುಂಗಡ ತೆಗೆದುಕೊಂಡವರು ಕೆಲಸ ಬಿಟ್ಟು ಹೋದರೆ 1859ರ 13ನೇ ಕಾಯ್ದೆ ಇತ್ತು. ಧಣಿ ದೂರು ಕೊಟ್ಟರೆ ಮ್ಯಾಜಿಸ್ಟ್ರೇಟು ಹಣ ತೀರಿಸು ಇಲ್ಲವೇ ಕೆಲಸಕ್ಕೆ ಮರಳು ಎಂದು ಹೇಳುತ್ತಿದ್ದ. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ. ಕರಾರು ಮುರಿಯುವುದು ಸಿವಿಲ್ ವ್ಯಾಜ್ಯವಲ್ಲ, ಅಪರಾಧ. ಆ ಕಾಯ್ದೆ ರದ್ದಾದದ್ದು 1925ರಲ್ಲಿ. ಐದು ವರ್ಷದಿಂದ ಈ ಕಾಗದಗಳನ್ನೇ ಓದುತ್ತಿರುವುದರಿಂದಲೋ ಏನೋ, ಎಲ್ಲಿ ಯಾವ ಕರಾರು ಕಂಡರೂ ನನ್ನ ಕಣ್ಣು ಮೊದಲು ಹೋಗುವುದು ಕೊನೆಯ ಕಲಮುಗಳಿಗೆ. ಯಾರು ಬಿಟ್ಟು ಹೋಗಬಹುದು, ಬಿಟ್ಟರೆ ಯಾರು ಯಾರಿಗೆ ಎಷ್ಟು ಕೊಡಬೇಕು?

ಕಳೆದ ವರ್ಷ ಶಿಕಾಗೋ ವಿಶ್ವವಿದ್ಯಾಲಯದ ರೀಜನ್‌ಸ್ಟೈನ್ ಗ್ರಂಥಾಲಯಕ್ಕೆ ಹೋಗಿದ್ದೆ. ಅಲ್ಲಿಯ ದಕ್ಷಿಣ ಏಷ್ಯಾ ಸಂಗ್ರಹ ನಮ್ಮಂಥವರಿಗೆ ತವರುಮನೆ ಇದ್ದ ಹಾಗೆ. ಮೈಸೂರಿನಿಂದ ಹೋಗಿ ಮೂರು ದಶಕ ಅಲ್ಲೇ ಪಾಠ ಹೇಳಿದ ಎ. ಕೆ. ರಾಮಾನುಜನ್ ಅವರ ಕಾಗದಪತ್ರಗಳಿರುವುದೂ ಅದೇ ಕಟ್ಟಡದಲ್ಲಿ. ಮಧ್ಯಾಹ್ನ ಊಟಕ್ಕೆ ಹೊರಬಂದಾಗ ಜೊತೆಗಿದ್ದ ಗೆಳೆಯ, "ನೀನು ಕೂತಿದ್ದ ಜಾಗ ಮೊದಲು ಫುಟ್‌ಬಾಲ್ ಮೈದಾನ ಆಗಿತ್ತು ಗೊತ್ತಾ?" ಎಂದ. ಗೊತ್ತಿರಲಿಲ್ಲ.

ಆ ಮೈದಾನದ ಹೆಸರು ಸ್ಟ್ಯಾಗ್ ಫೀಲ್ಡ್. ಏಮಸ್ ಅಲೋಂಜೊ ಸ್ಟ್ಯಾಗ್ ಎಂಬವರ ಹೆಸರು. ಅವರ ಕತೆ ಹೇಳುವ ಮೊದಲು ಎರಡು ಮಾತು. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ತಲೆಗೆ ಹೆಲ್ಮೆಟ್ ಹಾಕಿ ಗುದ್ದಾಡುವ ಆಟ. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ಹುಡುಗರು ಆಡಿದ್ದನ್ನು ಮೊದಲ ಪಂದ್ಯ ಎಂದು ಲೆಕ್ಕ ಹಿಡಿಯುತ್ತಾರೆ. ಆಗ ಕೋಚ್ ಎಂಬ ಪ್ರಾಣಿ ಇರಲಿಲ್ಲ. ಹುಡುಗರೇ ತಂಡ ಕಟ್ಟಿ ಹುಡುಗರೇ ನಡೆಸುತ್ತಿದ್ದರು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಹಳೆ ವಿದ್ಯಾರ್ಥಿಗಳು, ಟಿಕೆಟ್ಟು, ಪತ್ರಿಕೆಗಳು ಎಲ್ಲ ಸೇರಿಕೊಂಡು ಆಟ ಹುಡುಗರ ಕೈತಪ್ಪಿ ಹೋಗಿತ್ತು. 1905ರಲ್ಲಿ ಹಾರ್ವರ್ಡ್ 26 ವರ್ಷದ ಬಿಲ್ ರೀಡ್ ಎಂಬಾತನನ್ನು ಕೋಚಾಗಿ ಕರೆತಂದಿತು. ಸಂಬಳ 7,000 ಡಾಲರ್. ಅರ್ಧ ಕ್ರೀಡಾ ಸಮಿತಿಯದು, ಅರ್ಧ ಹಳೆ ವಿದ್ಯಾರ್ಥಿಗಳ ಚಂದಾ. ಹಾರ್ವರ್ಡಿನ ಯಾವ ಪ್ರಾಧ್ಯಾಪಕರಿಗೂ ಅಷ್ಟು ಇರಲಿಲ್ಲ. ಅಧ್ಯಕ್ಷ ಚಾರ್ಲ್ಸ್ ಎಲಿಯಟ್‌ಗಂತೂ ಈ ಆಟವೇ ಆಗದು. ಅದೇ ವರ್ಷ ಆಟದಲ್ಲಿ ಹುಡುಗರು ಸಾಯುತ್ತಿದ್ದಾರೆಂದು ದೇಶದಲ್ಲೆಲ್ಲ ಗದ್ದಲವೆದ್ದು, ಅಧ್ಯಕ್ಷ ರೂಸ್‌ವೆಲ್ಟ್ ಕೋಚುಗಳನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಿದ್ದು, ಆ ಗದ್ದಲದಿಂದಲೇ ಮುಂದೆ ಎನ್‌ಸಿಎಎ ಎಂದಾದ ಸಂಸ್ಥೆ ಹುಟ್ಟಿದ್ದು. ಸಂಬಳದ ಗದ್ದಲ ಮಾತ್ರ ಅಂದಿನಿಂದ ಇಂದಿನವರೆಗೆ ಒಂದೇ ರಾಗದಲ್ಲಿದೆ.

ಸ್ಟ್ಯಾಗ್ ಇದಕ್ಕೆ ಬೇರೆಯೇ ಉತ್ತರವಾಗಿದ್ದರು. ರಾಕ್‌ಫೆಲರ್ ಹಣದಲ್ಲಿ ಶಿಕಾಗೋ ವಿಶ್ವವಿದ್ಯಾಲಯವನ್ನು ಕಟ್ಟುತ್ತಿದ್ದ ವಿಲಿಯಂ ರೇನಿ ಹಾರ್ಪರ್, ಯೇಲ್‌ನಲ್ಲಿ ತಮ್ಮ ಶಿಷ್ಯರಾಗಿದ್ದ, ಪಾದ್ರಿಯಾಗಲು ಓದುತ್ತಿದ್ದ ಈ ಆಟಗಾರನನ್ನು 1892ರಲ್ಲಿ ಕರೆಸಿಕೊಂಡರು. ಕೊಟ್ಟದ್ದು 2,500 ಡಾಲರ್ ಸಂಬಳ, ಅಸೋಸಿಯೇಟ್ ಪ್ರೊಫೆಸರ್ ಹುದ್ದೆ, ಮತ್ತು ಬಹಳ ಮುಖ್ಯವಾಗಿ, ಕಾಯಂ ನೌಕರಿ. ಅಮೆರಿಕದಲ್ಲಿ ಅಧ್ಯಾಪಕರ ಸ್ಥಾನದ ಭದ್ರತೆ ಪಡೆದ ಮೊದಲ ಕೋಚ್ ಅವರು. ಸೋತರೂ ತೆಗೆಯುವ ಹಾಗಿಲ್ಲ. ಆದ್ದರಿಂದ ಅವರು ಯಾರ ಹಂಗಿಲ್ಲದೆ ಹುಡುಗರ ಚಾರಿತ್ರ್ಯ ಕಟ್ಟುತ್ತಾರೆ ಎಂಬುದು ಹಾರ್ಪರ್ ಲೆಕ್ಕ. ಪೂರ್ತಿ ಹಾಗಾಗಲಿಲ್ಲ. ಸ್ಟ್ಯಾಗ್ ಸಹ ಪ್ರೌಢಶಾಲೆ ಹುಡುಗರ ಅಥ್ಲೆಟಿಕ್ ಕೂಟವನ್ನು ತಮ್ಮ ಮೈದಾನದಲ್ಲೇ ನಡೆಸಿ, ಒಳ್ಳೆಯ ಕಾಲುಗಳನ್ನು ಅಲ್ಲೇ ಆರಿಸಿಕೊಳ್ಳುತ್ತಿದ್ದರು. ಅವರ ಬಹು ದೊಡ್ಡ ತಾರೆ ವಾಲ್ಟರ್ ಎಕರ್ಸಾಲ್ ನಾಲ್ಕು ಋತು ಆಡಿ ಡಿಗ್ರಿ ಇಲ್ಲದೆ ಹೊರಬಿದ್ದ. ಆದರೂ ನಲವತ್ತು ವರ್ಷ ಒಂದೇ ಕಡೆ ಇದ್ದ ಮನುಷ್ಯ. 1932ರಲ್ಲಿ, 70 ತುಂಬಿದೆ, ನಿಯಮದಂತೆ ನಿವೃತ್ತಿ ಎಂದಾಗ ಅವರಿಗೆ ಮನಸ್ಸಿರಲಿಲ್ಲ. ಕ್ಯಾಲಿಫೋರ್ನಿಯಾದ ಕಾಲೇಜ್ ಆಫ್ ದಿ ಪೆಸಿಫಿಕ್‌ಗೆ ಹೋಗಿ ಮತ್ತೆ ಹದಿನಾಲ್ಕು ವರ್ಷ ಕೋಚ್ ಮಾಡಿದರು. 102 ವರ್ಷ ಬದುಕಿದರು. ಅವರನ್ನು ಬೀಳ್ಕೊಟ್ಟ ಅಧ್ಯಕ್ಷ ರಾಬರ್ಟ್ ಹಚಿನ್ಸ್ 1939ರ ಕೊನೆಯಲ್ಲಿ ಶಿಕಾಗೋದಲ್ಲಿ ಆಟವನ್ನೇ ನಿಲ್ಲಿಸಿಬಿಟ್ಟರು. ಖಾಲಿ ಬಿದ್ದ ಸ್ಟ್ಯಾಗ್ ಫೀಲ್ಡಿನ ಪಶ್ಚಿಮದ ಗ್ಯಾಲರಿಯ ಕೆಳಗೆ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಜಗತ್ತಿನ ಮೊದಲ ನಿಯಂತ್ರಿತ ಪರಮಾಣು ಸರಪಳಿ ಕ್ರಿಯೆ ನಡೆಸಿದರು. ಮುಂದೆ ಗ್ರಂಥಾಲಯ ಎದ್ದದ್ದು ಅದೇ ಮೈದಾನದ ಮೇಲೆ.

ಉಳಿದ ಅಮೆರಿಕ ಹಚಿನ್ಸ್ ದಾರಿ ಹಿಡಿಯಲಿಲ್ಲ. ಹಿಡಿಯಬಾರದು ಎಂಬುದಕ್ಕೆ ಕಾರಣ ಹುಡುಗರನ್ನು ಸೇರಿಸಿಕೊಳ್ಳುವ ವಿಧಾನದಲ್ಲಿದೆ. ಅದನ್ನು ಇವರು ರಿಕ್ರೂಟಿಂಗ್ ಎನ್ನುತ್ತಾರೆ. ನಮ್ಮ ಐಪಿಎಲ್‌ನಲ್ಲಿ ಹರಾಜಿದೆ. ಅಮೆರಿಕದ ವೃತ್ತಿಪರ ಫುಟ್‌ಬಾಲಿನಲ್ಲಿ ಡ್ರಾಫ್ಟ್ ಇದೆ. ಸೋತ ತಂಡಕ್ಕೆ ಮೊದಲ ಆಯ್ಕೆ. ಕಾಲೇಜಿನ ಆಟದಲ್ಲಿ ಅವೆರಡೂ ಇಲ್ಲ. ಹದಿನೇಳು ವರ್ಷದ ಹುಡುಗನನ್ನು ಮನವೊಲಿಸಿ ಕರೆತರಬೇಕು. ದುಡ್ಡು ಕೊಡುವಂತಿಲ್ಲ ಎಂದು ಬಹುಕಾಲ ನಿಯಮವಿತ್ತು. ಕೊಡುತ್ತಿದ್ದರು ಎಂಬುದೂ ಅಷ್ಟೇ ನಿಜ. 1929ರ ಅಕ್ಟೋಬರಿನಲ್ಲಿ, ವಾಲ್ ಸ್ಟ್ರೀಟ್ ಕುಸಿದ ತಿಂಗಳೇ, ಕಾರ್ನೆಗಿ ಫೌಂಡೇಶನ್ ಹೊರತಂದ ದಪ್ಪ ವರದಿ, ಕಾಲೇಜುಗಳು ಆಟಗಾರರಿಗೆ ಹೇಗೆ ಹಿಂಬಾಗಿಲಿನಿಂದ ಹಣ, ಸುಳ್ಳು ನೌಕರಿ, ಶುಲ್ಕ ಮಾಫಿ ಕೊಡುತ್ತವೆ ಎಂಬುದನ್ನು ಕಾಲೇಜಿನ ಹೆಸರು ಹೇಳಿ ಪಟ್ಟಿ ಮಾಡಿತ್ತು. ಎಲ್ಲರೂ ಛೆ ಛೆ ಎಂದರು. 1948ರಲ್ಲಿ ಕಟ್ಟುನಿಟ್ಟಿನ ಸಂಹಿತೆ ಬಂತು, ಮೂರು ವರ್ಷದಲ್ಲಿ ಬಿದ್ದುಹೋಯಿತು. 1956ರಲ್ಲಿ ಆಟಕ್ಕಾಗಿಯೇ ಪೂರ್ಣ ವಿದ್ಯಾರ್ಥಿವೇತನ ಕೊಡಬಹುದು ಎಂದಾಯಿತು.

ಆಗ ಒಂದು ಹೊಸ ತೊಡಕು ಎದುರಾಯಿತು. ಆಟಕ್ಕೆ ಪ್ರತಿಯಾಗಿ ವೇತನ ಕೊಟ್ಟರೆ ಅವನು ನೌಕರನಲ್ಲವೇ? ಕೊಲರಾಡೋದ ಫೋರ್ಟ್ ಲೂಯಿಸ್ ಕಾಲೇಜಿಗೆ ಆಡುತ್ತ 1955ರಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ ರೇ ಡೆನಿಸನ್ ಎಂಬವನ ಹೆಂಡತಿ, ಕೆಲಸಗಾರರ ಪರಿಹಾರ ಕಾಯ್ದೆಯಡಿ ಪರಿಹಾರ ಕೇಳಿದಳು. 1957ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಇಲ್ಲವೆಂದಿತು. ಇಂಥ ದಾವೆಗಳ ಭಯದಲ್ಲೇ ತಾವು 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಪದವನ್ನು ಟಂಕಿಸಿದ್ದು ಎಂದು ಎನ್‌ಸಿಎಎಯನ್ನು ಮೂರೂವರೆ ದಶಕ ನಡೆಸಿದ ವಾಲ್ಟರ್ ಬಯರ್ಸ್ ನಿವೃತ್ತಿಯಾದ ಮೇಲೆ ತಾವೇ ಬರೆದುಕೊಂಡಿದ್ದಾರೆ. ಒಂದು ಪದ ಎಷ್ಟು ಕೆಲಸ ಮಾಡಬಲ್ಲದು ನೋಡಿ. ಕೊಡಗಿನಲ್ಲಿ 'ಮುಂಗಡ' ಎಂಬ ಪದವೂ ಹೀಗೇ. ಕೂಲಿ ಎನ್ನದೆ ಸಾಲ ಎಂದ ಕೂಡಲೇ ಆಳಿನ ಸ್ಥಾನವೇ ಬೇರೆಯಾಗುತ್ತಿತ್ತು.

1973ರಲ್ಲಿ ಎನ್‌ಸಿಎಎ ಇನ್ನೊಂದು ಬದಲಾವಣೆ ಮಾಡಿತು. ನಾಲ್ಕು ವರ್ಷದ ವಿದ್ಯಾರ್ಥಿವೇತನ ಹೋಗಿ ಒಂದೊಂದು ವರ್ಷಕ್ಕೆ ನವೀಕರಿಸುವ ವೇತನ ಬಂತು. ಕೋಚ್‌ಗೆ ಬೇಡವಾದರೆ ಮುಂದಿನ ವರ್ಷ ಇಲ್ಲ. ಹುಡುಗ ತಾನೇ ಬೇರೆ ಕಾಲೇಜಿಗೆ ಹೋಗುತ್ತೇನೆಂದರೆ ಒಂದು ಋತು ಆಡದೆ ಬೆಂಚಿನ ಮೇಲೆ ಕೂರಬೇಕು. ಈ ಎರಡೂ ನಿಯಮ ಸುಮಾರು ನಲವತ್ತು ವರ್ಷ ಒಟ್ಟಿಗೆ ಜಾರಿಯಲ್ಲಿದ್ದವು. ಅದೇ ಅವಧಿಯಲ್ಲಿ ಕೋಚ್‌ನ ಕರಾರು ಉದ್ದವಾಗುತ್ತ ಹೋಯಿತು.

ರಿಕ್ರೂಟಿಂಗಿನಲ್ಲಿ ಯಾರಿಗೆ ಏನು ಅನುಕೂಲ ಎಂಬುದನ್ನು ತೀರ್ಮಾನಿಸಿದ್ದು ಬರಿಯ ದುಡ್ಡಲ್ಲ. ದಕ್ಷಿಣದ ರಾಜ್ಯಗಳ ವಿಶ್ವವಿದ್ಯಾಲಯಗಳು ಕಪ್ಪು ಹುಡುಗರನ್ನು ಸೇರಿಸಿಕೊಳ್ಳದಿದ್ದ ಕಾಲದಲ್ಲಿ ಮಿಶಿಗನ್ ಸ್ಟೇಟಿನ ಕೋಚ್ ಡಫಿ ಡಾಹರ್ಟಿ ಅದೇ ಹುಡುಗರನ್ನು ಉತ್ತರಕ್ಕೆ ಕರೆದೊಯ್ದರು. ಟೆಕ್ಸಾಸಿನ ಬೋಮಾಂಟ್‌ನ ಬಬ್ಬಾ ಸ್ಮಿತ್ ಅವರಲ್ಲೊಬ್ಬ. ಜನಾಂಗಭೇದ ಒಬ್ಬರ ಪಾಪ, ಇನ್ನೊಬ್ಬರ ರಿಕ್ರೂಟಿಂಗ್ ಲಾಭ. 1970ರ ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಅಲಬಾಮಾವನ್ನು 42-21ರಿಂದ ಸೋಲಿಸಿತು. ಕಪ್ಪು ಆಟಗಾರ ಸ್ಯಾಮ್ ಕನ್ನಿಂಗ್‌ಹ್ಯಾಮ್ ಎರಡು ಟಚ್‌ಡೌನ್ ಮಾಡಿದ. ಆ ಒಂದು ಸಂಜೆಯಿಂದ ಅಲಬಾಮಾ ಬದಲಾಯಿತು ಎಂಬ ಐತಿಹ್ಯ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಅಷ್ಟರಲ್ಲೇ ಅಲಬಾಮಾ ವಿಲ್ಬರ್ ಜ್ಯಾಕ್ಸನ್ ಎಂಬ ಕಪ್ಪು ಹುಡುಗನನ್ನು ಸೇರಿಸಿಕೊಂಡಾಗಿತ್ತು. ಮೊದಲ ವರ್ಷದವರು ಆಡುವಂತಿರಲಿಲ್ಲವಾದ್ದರಿಂದ ಅವನು ಮೈದಾನದಲ್ಲಿರಲಿಲ್ಲ, ಅಷ್ಟೆ. ಒಳ್ಳೆಯ ಕತೆಗಳನ್ನು ಕೆಡಿಸುವುದೇ ನಮ್ಮ ಕಸುಬು. ಇನ್ನು ಆ ದಕ್ಷಿಣದ ಎಸ್ಇಸಿ ಕೂಟದಲ್ಲಿ ಕಪ್ಪು ಮುಖ್ಯ ಕೋಚ್ ಒಬ್ಬರು ಬರಲು, ಮಿಸಿಸಿಪ್ಪಿ ಸ್ಟೇಟಿನ ಸಿಲ್ವೆಸ್ಟರ್ ಕ್ರೂಮ್ ನೇಮಕವಾಗಲು, 2003ರ ಡಿಸೆಂಬರಿನವರೆಗೆ ಕಾಯಬೇಕಾಯಿತು.

ಈಗ ಅಮ್ಮನ ಪ್ರಶ್ನೆ. ಕೋಚ್ ಹುಡುಗನ ಮನೆಗೆ ಹೋಗುತ್ತಾನೆ, ಸೋಫಾದ ಮೇಲೆ ಕೂರುತ್ತಾನೆ, ತಾಯಿ ಕೊಟ್ಟದ್ದು ತಿನ್ನುತ್ತಾನೆ, ನಿಮ್ಮ ಮಗನನ್ನು ನಾಲ್ಕು ವರ್ಷ ನಾನು ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ಮರುದಿನ ಎದುರಾಳಿ ಕಾಲೇಜಿನ ಕೋಚ್ ಅದೇ ಸೋಫಾದ ಮೇಲೆ ಕೂತು ಕೇಳುತ್ತಾನೆ: ಅವರ ಕರಾರು ಇನ್ನು ಎರಡೇ ವರ್ಷ ಅಲ್ಲವೇ? ಇಷ್ಟೇ ಸಾಕು. ಕರಾರಿನಲ್ಲಿ ನಾಲ್ಕು ವರ್ಷಕ್ಕಿಂತ ಕಡಿಮೆ ಉಳಿದ ಕೋಚ್ ಹುಡುಗರ ಮುಂದೆ ಕುಂಟು ಕುದುರೆ. ಹಾಗಾಗಿ ಒಂದು ಒಳ್ಳೆಯ ಋತು ಬಂದ ಕೂಡಲೇ, ಕೆಲವೊಮ್ಮೆ ಬರುವ ಮೊದಲೇ, ಕರಾರನ್ನು ಮತ್ತೆ ಐದು, ಏಳು, ಹತ್ತು ವರ್ಷ ಎಳೆಯುತ್ತಾರೆ. ಎಳೆದದ್ದು ನಂಬಿಕೆಯ ಮಾತಾಗಬೇಕಾದರೆ ಅದರ ಹಿಂದೆ ಖಾತರಿ ಹಣವಿರಬೇಕು. ಅದೇ ಬೈಔಟ್. ಅಂದರೆ ಈ ಹಣ ಕೋಚ್‌ನ ಗುಟ್ಟಿಗೆ ಕೊಡುವ ಬೆಲೆಯಲ್ಲ ಅಮ್ಮ, ಸೋಫಾದ ಮೇಲೆ ಕೊಟ್ಟ ಮಾತಿಗೆ ಇಟ್ಟ ಅಡಮಾನ. ಹುಡುಗನಿಗೆ ಕೊಟ್ಟ ಮಾತಿನ ಅಡಮಾನ ಕೋಚ್‌ಗೆ ಸಿಗುತ್ತದೆ ಎಂಬುದೇ ವಿಚಿತ್ರ.

2005ರಲ್ಲಿ ನೋಟರ್ ಡೇಮ್ ಹೀಗೇ ಮಾಡಿತು. ಚಾರ್ಲಿ ವೈಸ್ ಬಂದು ಅರ್ಧ ಋತುವಾಗಿತ್ತು. ಆ ಅಕ್ಟೋಬರಿನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾದ ಎದುರು ತಂಡ 34-31ರಿಂದ ಸೋತಿತು. ಸೋತದ್ದಕ್ಕೇ ಜನ ಹುಚ್ಚೆದ್ದು ಮೆಚ್ಚಿದರು. ಎರಡು ವಾರದಲ್ಲಿ 2015ರವರೆಗೆ ಕರಾರು. 2009ರಲ್ಲಿ ತೆಗೆದರು. ಆಮೇಲೆ ಅವರು ಕ್ಯಾನ್ಸಸ್‌ಗೆ ಹೋದರು, 2014ರಲ್ಲಿ ಅಲ್ಲಿಂದಲೂ ತೆಗೆದರು. ನೋಟರ್ ಡೇಮ್‌ನ ಕಂತುಗಳು ಮಾತ್ರ 2015ರ ತನಕ ನಿಲ್ಲದೆ ಹೋಗುತ್ತಿದ್ದವು. ಒಟ್ಟು ಸುಮಾರು 1.9 ಕೋಟಿ ಡಾಲರ್. ಒಂದು ಹಂತದಲ್ಲಿ ಅವರಿಗೆ ಎರಡೂ ವಿಶ್ವವಿದ್ಯಾಲಯಗಳಿಂದ, ಎರಡೂ ಕಡೆ ಕೆಲಸ ಮಾಡದೇ ಇದ್ದುದಕ್ಕೆ, ಹಣ ಬರುತ್ತಿತ್ತು.

ಇಷ್ಟು ಹಣ ಎಲ್ಲಿಂದ ಬಂತು ಎನ್ನುವುದಕ್ಕೆ 1984ರ ಒಂದು ತೀರ್ಪು ನೋಡಬೇಕು. ಅಲ್ಲಿಯ ತನಕ ಯಾವ ಪಂದ್ಯ ಟಿವಿಯಲ್ಲಿ ಬರಬೇಕೆಂದು ಎನ್‌ಸಿಎಎ ನಿರ್ಧರಿಸುತ್ತಿತ್ತು. ಒಕ್ಲಹೋಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟು 7-2ರಿಂದ ಅದು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದಿತು. ಭಿನ್ನಮತ ಬರೆದವರು ಬೈರನ್ ವೈಟ್. ಯೌವನದಲ್ಲಿ ಕೊಲರಾಡೋ ವಿಶ್ವವಿದ್ಯಾಲಯದ ಪ್ರಸಿದ್ಧ ಫುಟ್‌ಬಾಲ್ ಆಟಗಾರ. ಇದು ಬರಿಯ ವ್ಯಾಪಾರವಲ್ಲ, ಬಿಗಿ ಬಿಟ್ಟರೆ ಹಣ ಶಿಕ್ಷಣವನ್ನು ನುಂಗುತ್ತದೆ ಎಂಬ ಧಾಟಿ ಅವರದು. ಬಿಗಿ ಬಿಟ್ಟರು. ಟಿವಿ ಹಣ ಹರಿದು ಬಂತು. ಬಂದ ಹಣವನ್ನು ಆಟಗಾರರಿಗೆ ಕೊಡುವಂತಿಲ್ಲ. ಲಾಭ ಹಂಚಿಕೊಳ್ಳಲು ಷೇರುದಾರರಿಲ್ಲ. ಸೀಟಿನ ಜೊತೆಗೆ ಕೊಟ್ಟ ದೇಣಿಗೆಯ ಶೇ. 80ರಷ್ಟಕ್ಕೆ 2017ರ ಕೊನೆಯವರೆಗೂ ತೆರಿಗೆ ವಿನಾಯಿತಿ ಬೇರೆ. ಮತ್ತೆಲ್ಲಿಗೆ ಹೋಗಬೇಕು? ಕಟ್ಟಡಕ್ಕೆ, ಕೋಚ್‌ಗೆ. 1982ರಲ್ಲಿ ಜ್ಯಾಕಿ ಶೆರಿಲ್‌ಗೆ ಟೆಕ್ಸಾಸ್ ಎ ಅಂಡ್ ಎಂ ಆರು ವರ್ಷಕ್ಕೆ 17 ಲಕ್ಷ ಡಾಲರ್ ಕೊಟ್ಟಾಗ ದೇಶ ಬಾಯಿಗೆ ಬೆರಳಿಟ್ಟಿತ್ತು. 2007ರಲ್ಲಿ ನಿಕ್ ಸೇಬನ್‌ಗೆ ಅಲಬಾಮಾ ಎಂಟು ವರ್ಷಕ್ಕೆ 3.2 ಕೋಟಿ ಕೊಟ್ಟಿತು. ಅದಕ್ಕೆ ಕೆಲವೇ ದಿನ ಮೊದಲು ಅವರು ಅಲಬಾಮಾಕ್ಕೆ ಹೋಗುವುದಿಲ್ಲವೆಂದು ಬಹಿರಂಗವಾಗಿ ಹೇಳಿದ್ದರು. ಅವರ ವಿಷಯದಲ್ಲಿ ಹಣ ಕೊಟ್ಟವರಿಗೆ ನಷ್ಟವಾಗಲಿಲ್ಲ. ಆರು ರಾಷ್ಟ್ರೀಯ ಪ್ರಶಸ್ತಿ ಬಂದವು. ಕೆಟ್ಟದ್ದೇನೆಂದರೆ, ಉಳಿದವರೆಲ್ಲ ತಮಗೂ ಒಬ್ಬ ಸೇಬನ್ ಸಿಗುತ್ತಾನೆಂದು ಅದೇ ಬೆಲೆ ಕೊಡತೊಡಗಿದರು.

ಬಿಟ್ಟು ಹೋಗುವವನು ಕೋಚ್ ಆದರೆ? ಆಗಲೂ ಕಾನೂನಿದೆ, ಆದರೆ ಸಜೆಯಿಲ್ಲ. 1994ರಲ್ಲಿ ಜೆರಿ ಡಿನಾರ್ಡೊ ವ್ಯಾಂಡರ್‌ಬಿಲ್ಟ್ ಬಿಟ್ಟು ಎಲ್ಎಸ್‌ಯುಗೆ ಹೋದರು. ಉಳಿದ ವರ್ಷಗಳ ಸಂಬಳದಷ್ಟು ಹಣ ಕಟ್ಟಬೇಕು ಎಂದು ಕರಾರಿನಲ್ಲಿತ್ತು. ಅದು ದಂಡ, ಆದ್ದರಿಂದ ಅನೂರ್ಜಿತ ಎಂದು ಅವರ ವಾದ. 1999ರಲ್ಲಿ ಮೇಲ್ಮನವಿ ಕೋರ್ಟು ಒಪ್ಪಲಿಲ್ಲ. ಕೋಚ್ ಹೋದರೆ ಆಗುವ ನಷ್ಟ ಬರಿಯ ಬದಲಿ ಸಂಬಳವಲ್ಲ, ಟಿಕೆಟ್ಟು, ದೇಣಿಗೆ, ಹಳೆ ವಿದ್ಯಾರ್ಥಿಗಳ ಮನಸ್ಸು ಎಲ್ಲವೂ ಸೇರುತ್ತದೆ, ಅದನ್ನು ಅಳೆಯುವುದು ಕಷ್ಟ, ಹಾಗಾಗಿ ಮೊದಲೇ ಒಪ್ಪಿಕೊಂಡ ಮೊತ್ತ ನ್ಯಾಯವೇ ಎಂದಿತು. ನಮ್ಮ 1872ರ ಕರಾರು ಕಾಯ್ದೆಯ 74ನೇ ಕಲಮು ಈ ದಂಡ-ಪರಿಹಾರದ ಭೇದವನ್ನೇ ಪಕ್ಕಕ್ಕಿಟ್ಟು, ಬರೆದ ಮೊತ್ತವನ್ನು ಮೀರದ ನ್ಯಾಯವಾದ ಪರಿಹಾರ ಎನ್ನುತ್ತದೆ. ಅದೇ ಕಾಲದಲ್ಲಿ ತೋಟದ ಆಳಿಗೆ ಮಾತ್ರ 1859ರ ಕಾಯ್ದೆ. 2007ರಲ್ಲಿ ರಿಚ್ ರೊಡ್ರಿಗೆಜ್ ವೆಸ್ಟ್ ವರ್ಜಿನಿಯಾ ಬಿಟ್ಟು ಮಿಶಿಗನ್‌ಗೆ ಹೋದಾಗ 40 ಲಕ್ಷ ಡಾಲರ್ ಬೈಔಟ್ ಬಾಕಿಯಿತ್ತು. ವ್ಯಾಜ್ಯವಾಗಿ, ಕೊನೆಗೆ 25 ಲಕ್ಷವನ್ನು ಹೊಸ ಧಣಿ ಮಿಶಿಗನ್ನೇ ಕಟ್ಟಿತು. ಹೊಸ ಧಣಿ ಹಳೆಯ ಬಾಕಿ ತೀರಿಸಿ ಆಳನ್ನು ಕರೆದೊಯ್ಯುವುದು ನನಗೆ ಹೊಸತಲ್ಲ. ಅಜ್ಜನ ಪುಸ್ತಕದಲ್ಲೂ ಅಂಥ ನಮೂದುಗಳಿವೆ. ಅಲ್ಲಿ ಆ ಬಾಕಿ ಆಳಿನ ಹೆಸರಿಗೇ ಏರುತ್ತಿತ್ತು.

ಇನ್ನು ಜಿಂಬೊ ಫಿಶರ್. ಟೆಕ್ಸಾಸ್ ಎ ಅಂಡ್ ಎಂ 2017ರ ಕೊನೆಯಲ್ಲಿ ಅವರನ್ನು ಹತ್ತು ವರ್ಷಕ್ಕೆ 7.5 ಕೋಟಿ ಡಾಲರಿಗೆ ಕರೆತಂದಿತು. ತಂದವರು ಆಗಿನ ಅಥ್ಲೆಟಿಕ್ ಡೈರೆಕ್ಟರ್ ಸ್ಕಾಟ್ ವುಡ್‌ವರ್ಡ್. ವುಡ್‌ವರ್ಡ್ ಮುಂದೆ ಎಲ್ಎಸ್‌ಯುಗೆ ಹೋದರು. ಅವರು ಫಿಶರ್‌ರನ್ನು ಅಲ್ಲಿಗೂ ಸೆಳೆಯಬಹುದೆಂಬ ಗಾಳಿಮಾತು ಹಬ್ಬಿತ್ತು. 2021ರಲ್ಲಿ ಎ ಅಂಡ್ ಎಂ ಕರಾರನ್ನು 2031ರವರೆಗೆ ಎಳೆಯಿತು. ಮರುವರ್ಷ ಅವರು ಸೇರಿಸಿದ ಹುಡುಗರ ಗುಂಪು ದೇಶದಲ್ಲೇ ಮೊದಲನೆಯದೆಂದು ಹೆಸರಾಯಿತು. ಅಂದರೆ ಉದ್ದದ ಕರಾರು ಮಾಡಬೇಕಾದ ಕೆಲಸ ಮಾಡಿತು. ಅದೇ 2022ರಲ್ಲಿ ತಂಡ ಐದು ಗೆದ್ದು ಏಳು ಸೋತಿತು. 2023ರ ನವೆಂಬರ್ 12ರಂದು ಅವರನ್ನು ತೆಗೆದರು, ಹಿಂದಿನ ದಿನ ಮಿಸಿಸಿಪ್ಪಿ ಸ್ಟೇಟನ್ನು 51-10ರಿಂದ ಸೋಲಿಸಿದ ಮೇಲೆ. (ಎರಡು ವರ್ಷದ ನಂತರ ನೇಪಿಯರ್ ಗೆದ್ದು ಕೆಲಸ ಕಳೆದುಕೊಂಡದ್ದೂ ಮಿಸಿಸಿಪ್ಪಿ ಸ್ಟೇಟ್ ಮೇಲೆಯೇ. ಆ ತಂಡವನ್ನು ಗೆಲ್ಲುವುದು ಅಪಶಕುನವಿರಬೇಕು.) ಬೈಔಟ್ ಸುಮಾರು 7.6 ಕೋಟಿ ಡಾಲರ್, ರೂಪಾಯಿಗಿಳಿಸಿದರೆ ಆರುನೂರು ಕೋಟಿಗೂ ಮೇಲೆ. ಬೇರೆ ಕೆಲಸ ಸಿಕ್ಕರೆ ಅದನ್ನು ಕಳೆಯುವ ಕಲಮು ಆ ಕರಾರಿನಲ್ಲಿರಲಿಲ್ಲ. ಎಲ್ಎಸ್‌ಯುನಲ್ಲಿ ವುಡ್‌ವರ್ಡ್ ಅಷ್ಟರಲ್ಲಿ ಬ್ರಯನ್ ಕೆಲ್ಲಿಗೆ ಹತ್ತು ವರ್ಷದ ಕರಾರು ಬರೆದುಕೊಟ್ಟಾಗಿತ್ತು. ಆ ಕೆಲ್ಲಿ ಕೆಲಸ ಕಳೆದುಕೊಂಡದ್ದು 2025ರಲ್ಲಿ ಅದೇ ಟೆಕ್ಸಾಸ್ ಎ ಅಂಡ್ ಎಂ ಎದುರು 49-25ರಿಂದ ಸೋತ ಮರುದಿನ. ನಾಲ್ಕೇ ದಿನದಲ್ಲಿ ವುಡ್‌ವರ್ಡ್ ಕೂಡ ಹೊರಗೆ. ಮುಂದಿನ ಕೋಚ್‌ನನ್ನು ವುಡ್‌ವರ್ಡ್ ಆರಿಸುವಂತಿಲ್ಲ ಎಂದು ರಾಜ್ಯದ ಗವರ್ನರ್ ಮಾಧ್ಯಮದವರ ಮುಂದೆಯೇ ಹೇಳಿದ್ದರು.

ಋತುವಿನ ನಡುವೆ ತೆಗೆಯುವುದು ಏಕೆ, ಇನ್ನೊಂದು ತಿಂಗಳು ಕಾಯಬಾರದೇ ಎಂದು ಕೇಳಬಹುದು. ಇದೂ ರಿಕ್ರೂಟಿಂಗಿನ ಪಂಚಾಂಗವೇ. ಹಿಂದೆ ಹುಡುಗರು ಸಹಿ ಹಾಕುತ್ತಿದ್ದುದು ಫೆಬ್ರವರಿಯಲ್ಲಿ. 2017ರಿಂದ ಡಿಸೆಂಬರಿನಲ್ಲೂ ಸಹಿಯ ದಿನಗಳು ಬಂದವು, ಬಹುಪಾಲು ಹುಡುಗರು ಆಗಲೇ ಮುಗಿಸಿಬಿಡುತ್ತಾರೆ. ಡಿಸೆಂಬರಿಗೆ ಹೊಸ ಕೋಚ್ ಸೋಫಾದ ಮೇಲೆ ಕೂತಿರಬೇಕಾದರೆ ಹಳಬನನ್ನು ಅಕ್ಟೋಬರಿನಲ್ಲೇ ಎಬ್ಬಿಸಬೇಕು.

ಹುಡುಗರ ಕಡೆ ಬಾಗಿಲು ತೆರೆದದ್ದು ತೀರ ಈಚೆಗೆ. 2021ರ ಜೂನಿನಲ್ಲಿ ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ಎನ್‌ಸಿಎಎ ವಿರುದ್ಧ ತೀರ್ಪಿತ್ತಿತು. ಮರುತಿಂಗಳಿನಿಂದ ಹುಡುಗರು ತಮ್ಮ ಹೆಸರು, ಮುಖ ಮಾರಿಕೊಳ್ಳಬಹುದು ಎಂದಾಯಿತು. ಅದೇ ವರ್ಷ, ಒಂದು ಸಲ ಬೆಂಚಿನ ಶಿಕ್ಷೆಯಿಲ್ಲದೆ ಕಾಲೇಜು ಬದಲಿಸಬಹುದು. 2024ರಿಂದ ಎಷ್ಟು ಸಲವಾದರೂ. 2025ರ ಜೂನಿನಲ್ಲಿ ಒಪ್ಪಿಗೆ ಪಡೆದ ಹೌಸ್ ರಾಜಿಯಿಂದ ಒಂದೊಂದು ವಿಶ್ವವಿದ್ಯಾಲಯ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ವರೆಗೆ ತನ್ನ ಎಲ್ಲ ಆಟಗಾರರಿಗೆ ಹಂಚಬಹುದು. ಕೋಚ್ ಹೋದರೆ ಅವನ ಹುಡುಗರಿಗೆ ವರ್ಗಾವಣೆಯ ವಿಶೇಷ ಅವಧಿ ತೆರೆದುಕೊಳ್ಳುತ್ತದೆ. ಈಗ ಟಿವಿ ಚರ್ಚೆಗಳಲ್ಲಿ ಕೋಚುಗಳು, ಹುಡುಗರಲ್ಲಿ ನಿಷ್ಠೆ ಉಳಿದಿಲ್ಲ ಎಂದು ಕೊರಗುತ್ತಾರೆ. ಮೇಸ್ತ್ರಿಗಳ ಬಗ್ಗೆ, ಆಳುಗಳ ಬಗ್ಗೆ ಪ್ಲಾಂಟರುಗಳು ಬರೆದದ್ದನ್ನು ಓದಿದವರಿಗೆ ಈ ದನಿ ಪರಿಚಿತ.

ನಾನಿರುವ ವಿಶ್ವವಿದ್ಯಾಲಯದಲ್ಲೂ ಇದು ನಡೆದಿದೆ. ಹೆಸರು ಬೇಡ. ನಾನು ಎರಡನೆಯ ವರ್ಷದಲ್ಲಿದ್ದಾಗ ಕೋಚ್‌ನನ್ನು ತೆಗೆದರು. ಅದೇ ಚಳಿಗಾಲದಲ್ಲಿ ನಮ್ಮ ಇತಿಹಾಸ ವಿಭಾಗ ಮುಂದಿನ ವರ್ಷ ಪಿಎಚ್‌ಡಿಗೆ ಯಾರನ್ನೂ ತೆಗೆದುಕೊಳ್ಳುವುದಿಲ್ಲವೆಂದು ಇಮೇಲ್ ಬಂತು. ಎರಡೂ ಬೇರೆ ಬೇರೆ ಖಾತೆಯ ಹಣ, ಒಂದಕ್ಕೊಂದು ಸಂಬಂಧವಿಲ್ಲ ಎಂದು ಡೀನ್ ಕಚೇರಿಯವರು ಸಭೆಯಲ್ಲಿ ವಿವರಿಸಿದರು. ಅದು ಸುಳ್ಳಲ್ಲ. ಬೈಔಟ್ ಹಣದ ಬಹುಪಾಲು ಬರುವುದು ದಾನಿಗಳಿಂದ ಮತ್ತು ಕ್ರೀಡಾ ಖಾತೆಯಿಂದ. ಆದರೂ ಒಂದು ಖಾತೆಗೆ ಒಂದೇ ರಾತ್ರಿಯಲ್ಲಿ ಹಣ ಹುಟ್ಟುತ್ತದೆ, ಇನ್ನೊಂದಕ್ಕೆ ಹುಟ್ಟುವುದಿಲ್ಲ ಎಂಬುದನ್ನು ಖಾತೆಗಳು ವಿವರಿಸುವುದಿಲ್ಲ.

ಆ ವರ್ಷ ನನ್ನ ಸೆಕ್ಷನ್ನಿನಲ್ಲಿ ಒಬ್ಬ ಫುಟ್‌ಬಾಲ್ ಹುಡುಗನಿದ್ದ. ದೊಡ್ಡ ಆಳು, ಕ್ಲಾಸಿನ ಕುರ್ಚಿಯಲ್ಲಿ ಕಷ್ಟಪಟ್ಟು ಕೂರುತ್ತಿದ್ದ. ಅಂತರ್ಯುದ್ಧದ ನಂತರದ ದಕ್ಷಿಣದಲ್ಲಿ ಪಾಲಿನ ಬೇಸಾಯಗಾರರು ಸಾಲ ತೀರಿಸದೆ ಜಮೀನು ಬಿಡುವಂತಿರಲಿಲ್ಲ ಎಂದು ನಾನು ಹೇಳಿದ ದಿನ ಮಾತ್ರ ಕೈಯೆತ್ತಿ, ರಾತ್ರಿ ಓಡಿಹೋದವರನ್ನು ಏನು ಮಾಡುತ್ತಿದ್ದರು ಎಂದು ಕೇಳಿದ್ದ. ಕೋಚ್ ಹೋದ ಮರುವಾರ ನನ್ನ ಕೊಠಡಿಗೆ ಬಂದ. ತನ್ನ ಅಜ್ಜಿಯ ಮನೆಗೆ ಬಂದು ಅವರು ಎರಡು ಸಲ ಬಡಿಸಿಕೊಂಡು ತಿಂದಿದ್ದರೆಂದು ಹೇಳಿದ. ಬೈದು ಹೇಳಲಿಲ್ಲ, ಸುಮ್ಮನೆ ನೆನಪು ಮಾಡಿಕೊಂಡ ಹಾಗೆ. ಹೊಸ ಕೋಚ್ ತನ್ನದೇ ಹುಡುಗರನ್ನು ತರುತ್ತಾನಂತೆ, ತಾನು ಪಕ್ಕದ ರಾಜ್ಯದ ಒಂದು ಸಣ್ಣ ಕಾಲೇಜಿಗೆ ಹೋಗುತ್ತಿದ್ದೇನೆ ಎಂದ. ಬಂದ ಕೆಲಸ ಬೇರೆ ಇತ್ತು. ನನ್ನ ಕ್ಲಾಸಿನ ಮೂರು ಕ್ರೆಡಿಟ್ ಅಲ್ಲಿ ಲೆಕ್ಕಕ್ಕೆ ಬರುತ್ತದೆಯೇ ಎಂದು ತಿಳಿಯಬೇಕಿತ್ತು. ಇಬ್ಬರೂ ಕೂತು ಆ ಕಾಲೇಜಿನ ಕೋರ್ಸುಗಳ ಪಟ್ಟಿ ತೆಗೆದು ನೋಡಿದೆವು. ಅಲ್ಲಿ ಆ ಪಾಠ ಬೇರೆ ಹೆಸರಿನಲ್ಲಿತ್ತು. ನಾನು ಪಠ್ಯಕ್ರಮದ ಪ್ರತಿ ಜೋಡಿಸಿ ಅವರ ರಿಜಿಸ್ಟ್ರಾರ್‌ಗೆ ಒಂದು ಪತ್ರ ಬರೆದುಕೊಟ್ಟೆ.